ತಿರುವೊಟ್ಟಿಯೂರಿನ ಕಬ್ಬು

ಜಗತ್ತಿನ ಬಿಸಿ ಇಳಿಸುವ ಕೆಲಸವನ್ನು ನಾನು ಸ್ವೆಟರ್ ಹಾಕಿಕೊಂಡು ಮಾಡುತ್ತಿದ್ದೆ. ಇದು ಊಟಿಯ ಮಾತಲ್ಲ, ಚೆನ್ನೈಯದು. ಅದೂ ಮೇ ತಿಂಗಳಿನದು. ನುಂಗಂಬಾಕ್ಕಂನ ಒಳರಸ್ತೆಯೊಂದರಲ್ಲಿ, ಹಳೆಯ ಮನೆಯ ಮಹಡಿಯ ಮೇಲೆ ನಮ್ಮ ಆಫೀಸಿತ್ತು. ಏಸಿಯ ಬಾಯಿ ಸರಿಯಾಗಿ ನನ್ನ ನೆತ್ತಿಯ ಮೇಲೆ ತೆರೆದುಕೊಂಡಿತ್ತು. ಅದನ್ನು ಸ್ವಲ್ಪ ಕಡಿಮೆ ಮಾಡಿ ಎಂದರೆ ಬಾಸ್ ಒಪ್ಪುತ್ತಿರಲಿಲ್ಲ, ಕಂಪ್ಯೂಟರುಗಳಿಗೆ ಸೆಖೆಯಾಗುತ್ತದಂತೆ. ಹಾಗಾಗಿ ಅಪ್ಪ ಬದರಿ ಯಾತ್ರೆಗೆಂದು ಕೊಂಡಿದ್ದ ಕಂದು ಬಣ್ಣದ ಸ್ವೆಟರನ್ನು ನಾನು ದಿನವೂ ಚೀಲದಲ್ಲಿ ಒಯ್ಯುತ್ತಿದ್ದೆ. ಬಸ್ಸಿನಲ್ಲಿ ಬೆವರುವುದು, ಆಫೀಸಿನಲ್ಲಿ ನಡುಗುವುದು, ನಡುಗುತ್ತಲೇ ಭೂಮಿ ಕಾಯುತ್ತಿರುವ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವುದು. ಆರೇಳು ವರ್ಷ ಇದೇ ನನ್ನ ದಿನಚರಿಯಾಗಿತ್ತು.

"ಏನೇ, ಸ್ವೆಟರ್ ಎತ್ಕೊಂಡ್ಯಾ?" ಎಂದು ಅಮ್ಮ ಬಾಗಿಲವರೆಗೆ ಬಂದು ಕೇಳುತ್ತಿದ್ದಳು. "ಹೊರಗೆ ವೆಯಿಲು ಮಂಡೆ ಒಡೀತಿದೆ, ನೀನು ಕುಳಿರು ಕುಳಿರು ಅಂತೀಯ. ನಿಮ್ಮ ಆಫೀಸ್ನೋರಿಗೆಲ್ಲ ಪೈತ್ಯವಾ, ಹುಚ್ಚಾ?"

ನಮ್ಮದು ಮೂರು ತಲೆಮಾರಿನಿಂದ ತಿರುವಲ್ಲಿಕ್ಕೇಣಿಯಲ್ಲಿ ಬೇರೂರಿದ ವೈಷ್ಣವ ಮನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳಕ್ಕೆ ಎರಡೂ. ನನ್ನ ಓದು ಇಂಗ್ಲಿಷಿನಲ್ಲಿ. ಎರಡನೇ ಭಾಷೆಯಾಗಿ ಸಂಸ್ಕೃತ, ಏಕೆಂದರೆ ಅದರಲ್ಲಿ ಅಂಕ ಉದಾರವಾಗಿ ಬೀಳುತ್ತಿದ್ದವು. ಇದರ ಫಲವಾಗಿ ತಮಿಳನ್ನು ಗಿಣಿಯಂತೆ ಮಾತಾಡುವ ನಾನು, ತಮಿಳಿನಲ್ಲಿ ನಾಲ್ಕು ಸಾಲು ಬರೆಯಬೇಕೆಂದರೆ ತಡವರಿಸುತ್ತೇನೆ. ಈ ಕೊರತೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಕೆಲಸಕ್ಕೆ ಬರುತ್ತದೆ.

ಭೂಮಿಯ ಜ್ವರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಕಾಲೇಜಿನಲ್ಲಿ. ತೊಂಬತ್ತರ ದಶಕದ ಕೊನೆ. ಕ್ಯೋಟೋ ಎಂಬ ಜಪಾನಿನ ಊರಿನಲ್ಲಿ ದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅದನ್ನೇ ಉರುಹೊಡೆದು ಒಂದು ಭಾಷಣ ಸ್ಪರ್ಧೆಗೆ ಹೋದೆ. ಕಲ್ಲಿದ್ದಲು, ಪೆಟ್ರೋಲು, ಕಡಿದ ಕಾಡು, ಇವೆಲ್ಲ ಸೇರಿ ಭೂಮಿಗೆ ಕಂಬಳಿ ಹೊದಿಸುತ್ತಿವೆ, ಹಿಮ ಕರಗುತ್ತದೆ, ಸಮುದ್ರ ಉಬ್ಬುತ್ತದೆ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಕೈಯೆತ್ತಿ, ಇನ್ನು ಹತ್ತೇ ವರ್ಷದಲ್ಲಿ ಮರೀನಾ ಬೀಚಿನ ಕಡಲೆ ಸುಂಡಲ್ ಮಾರುವವರು ದೋಣಿಯಲ್ಲಿ ಕುಳಿತು ಸುಂಡಲ್ ಮಾರಬೇಕಾಗುತ್ತದೆ ಎಂದು ಘೋಷಿಸಿಬಿಟ್ಟೆ. ಚಪ್ಪಾಳೆ ಬಿತ್ತು, ಮೊದಲ ಬಹುಮಾನವೂ ಬಂತು. ಆ ಕಪ್ಪಿನಲ್ಲಿ ಅಮ್ಮ ಈಗಲೂ ಹೂಬತ್ತಿ ಹಾಕಿಡುತ್ತಾಳೆ.

ಸಮುದ್ರ ನಮ್ಮ ಬೀದಿಗೆ ಬರುವ ಸಾಧ್ಯತೆಯ ಬಗ್ಗೆ ಅಮ್ಮನ ಅಭಿಪ್ರಾಯ ಬೇರೆಯಿತ್ತು. "ಬರ್ಲಿ ಬಿಡು. ಅಮಾವಾಸ್ಯೆ ಸ್ನಾನಕ್ಕೆ ಅಷ್ಟು ದೂರ ನಡೆಯೋದು ತಪ್ಪುತ್ತೆ."

ಅಂಥ ಭಾಷಣಕ್ಕೆ ತಕ್ಕ ಕೆಲಸವೂ ಕೆಲವು ವರ್ಷಗಳ ನಂತರ ಸಿಕ್ಕಿತು. ನನ್ನ ಕೆಲಸವೇನೆಂದು ಅಮ್ಮನಿಗೆ ವಿವರಿಸಲು ನಾನು ಏಕಾದಶಿಯ ಮೊರೆ ಹೋಗಬೇಕಾಯಿತು. ಅಪ್ಪನಿಗೆ ಸಕ್ಕರೆ ಕಾಯಿಲೆ, ಉಪವಾಸ ಆಗುತ್ತಿರಲಿಲ್ಲ. ಅಮ್ಮ ಹನಿ ನೀರೂ ಕುಡಿಯದೆ ಏಕಾದಶಿ ಮಾಡುತ್ತಿದ್ದಳು, ಮತ್ತು ಅದರಲ್ಲಿ ಅರ್ಧ ಅಪ್ಪನ ಲೆಕ್ಕಕ್ಕೆ ಎಂದು ಸಂಕಲ್ಪ ಮಾಡುತ್ತಿದ್ದಳು. ಅಪ್ಪ ಉಪ್ಪಿಟ್ಟು ತಿನ್ನುತ್ತಾ ಪುಣ್ಯ ಪಡೆಯುತ್ತಿದ್ದರು. ಕ್ಯೋಟೋ ಒಪ್ಪಂದವೂ ಹೆಚ್ಚುಕಡಿಮೆ ಇಷ್ಟೇ. ಶ್ರೀಮಂತ ದೇಶಗಳು ಹೊಗೆ ಕಡಿಮೆ ಮಾಡುತ್ತೇವೆಂದು ಮಾತು ಕೊಟ್ಟವು. ಆದರೆ ತಿನ್ನುವ ಬಾಯಿ ಸುಮ್ಮನಿರುತ್ತದೆಯೇ? ಅದಕ್ಕೆ ಒಂದು ದಾರಿ ಇಟ್ಟುಕೊಂಡವು. ನಮ್ಮಂಥ ದೇಶದ ಯಾವುದಾದರೂ ಕಾರ್ಖಾನೆ ಹೊಗೆ ಕಡಿಮೆ ಮಾಡಿದರೆ ಆ ಪುಣ್ಯವನ್ನು ಅವು ಕೊಂಡುಕೊಳ್ಳಬಹುದು. ಒಂದೇ ಷರತ್ತು: ಪುಣ್ಯ ಮಾರುವ ಆಸೆಯಿಲ್ಲದಿದ್ದರೆ ನಾವು ಈ ಕೆಲಸ ಮಾಡುತ್ತಲೇ ಇರಲಿಲ್ಲ ಎಂದು ಕಾರ್ಖಾನೆ ಸಾಬೀತು ಮಾಡಬೇಕು. ಆ ಸಾಬೀತಿನ ದಪ್ಪ ದಸ್ತಾವೇಜು ಬರೆಯುವವಳು ನಾನು.

"ನಾನು ಹೇಗಿದ್ರೂ ಉಪವಾಸ ಮಾಡೋಳೇ ಅಲ್ವೇನೇ?" ಎಂದಳು ಅಮ್ಮ. "ನಿಮ್ಮಪ್ಪ ಉಪ್ಪಿಟ್ಟು ತಿಂದ್ರೂ ಮಾಡ್ತೀನಿ, ತಿನ್ನದೆ ಇದ್ರೂ ಮಾಡ್ತೀನಿ."

ಹಾಗಾದರೆ ನಿನ್ನ ಪುಣ್ಯ ಮಾರಾಟಕ್ಕೆ ಅರ್ಹವಲ್ಲ ಎಂದು ನಾನು ತೀರ್ಪು ಕೊಟ್ಟೆ. ದೊಡ್ಡ ದೊಡ್ಡ ಪಂಡಿತರು ಪುಟಗಟ್ಟಲೆ ಬರೆದು ಜಗ್ಗಾಡುತ್ತಿದ್ದ ತಕರಾರನ್ನು ಅಮ್ಮ ಅಕ್ಕಿ ಆರಿಸುತ್ತಾ ಹೇಳಿ ಮುಗಿಸಿದ್ದಳು.

ಬಾಸ್ ಹುಬ್ಬಳ್ಳಿ ಕಡೆಯ ಶೈವ ವ್ಯಾಪಾರಿ ಮನೆತನದವರು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಗಂಡು ಕನ್ನಡ. ಅವರ ತಂದೆ ಈ ಊರಿಗೆ ಮೆಣಸಿನಕಾಯಿ ಮಾರಲು ಬಂದವರಂತೆ. ಮಗ ಗಾಳಿ ಮಾರುವ ಮಟ್ಟಕ್ಕೆ ಬೆಳೆದಿದ್ದರು. ಇದು ಅವರೇ ಹೇಳಿಕೊಂಡು ನಗುತ್ತಿದ್ದ ಮಾತು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಕನ್ನಡ ಬರುತ್ತದೆಂದು. ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ ನಮ್ಮ ಮೊದಲ ಗಿರಾಕಿಯಾಗಿತ್ತು, ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡುವ ಯೋಜನೆ. ನಿಯಮದ ಪ್ರಕಾರ ಇಂಥ ಪ್ರತಿಯೊಂದು ಯೋಜನೆಗೂ ಸುತ್ತಲಿನ ಜನರನ್ನು ಕರೆದು ಸಭೆ ಮಾಡಿ, ಅವರು ಹೇಳಿದ್ದನ್ನು ಬರೆದು, ಅದಕ್ಕೆ ನಾವೇನು ಮಾಡಿದೆವು ಎಂಬುದನ್ನೂ ಬರೆಯಬೇಕು. ನಾನು ಆ ಊರಿಗೆ ಹೋಗಿ ರೈತರ ಜೊತೆ ಕೂತೆ. ನನ್ನ ತಮಿಳು ವಾಸನೆಯ ಕನ್ನಡ ಕೇಳಿ ಅವರು ಹೊಟ್ಟೆ ಹಿಡಿದು ನಕ್ಕರು. ಬಾಯ್ಲರಿನ ಬೂದಿ ಕಬ್ಬಿನ ಮೇಲೆ ಬಿದ್ದರೆ ಏನು ಗತಿ, ಕಬ್ಬು ಸಾಗಿಸುವ ರಸ್ತೆ ಸರಿ ಮಾಡುತ್ತೀರಾ ಎಂದು ಕೇಳಿದರು. ಒಂದೊಂದು ಮಾತನ್ನೂ ಶ್ರದ್ಧೆಯಿಂದ ಇಂಗ್ಲಿಷಿಗೆ ಇಳಿಸಿದೆ. ಅದು ನಾನು ಬರೆದ ಮೊದಲ ದಸ್ತಾವೇಜು. ಪ್ರಾಮಾಣಿಕವಾಗಿ ಬರೆದ ಕೊನೆಯದೂ ಅದೇ ಇರಬಹುದು.

ಆಮೇಲೆ ಬಂದದ್ದು ಚೆನ್ನೈಯ ಉತ್ತರದ ಅಂಚಿನಲ್ಲಿರುವ ತಿರುವೊಟ್ಟಿಯೂರಿನ ಲೋಹ ಕರಗಿಸುವ ಕಾರ್ಖಾನೆ. ಕುಲುಮೆಯಿಂದ ಆಕಾಶಕ್ಕೆ ಸುಮ್ಮನೆ ಹೋಗುತ್ತಿದ್ದ ಶಾಖವನ್ನು ಹಿಡಿದು ಕರೆಂಟು ಮಾಡುವ ಯೋಜನೆ. ಒಳ್ಳೆಯ ಕೆಲಸವೇ, ನಾನು ಈಗಲೂ ಅದನ್ನು ಹಳಿಯುವುದಿಲ್ಲ. ಕಾರ್ಖಾನೆಗೂ ಸಮುದ್ರಕ್ಕೂ ನಡುವೆ ಒಂದು ಮೀನುಗಾರರ ಕೇರಿ ಇತ್ತು, ಅಲ್ಲಿನವರ ಮಾತಿನಲ್ಲಿ ಕುಪ್ಪ. ಸುತ್ತಲಿನ ಜನ ಎಂದರೆ ಅವರೇ. ಒಂದು ಶನಿವಾರ ಬೆಳಿಗ್ಗೆ ಅವರ ಸಮುದಾಯ ಭವನದಲ್ಲಿ ಸಭೆ ಗೊತ್ತಾಯಿತು.

ಆ ಸಭೆಗೆ ನಾನು ತೆಗೆದುಕೊಂಡು ಹೋದ ಊಟದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬಂದವರಿಗೆ ಊಟದ ಪೊಟ್ಟಣ ಕೊಡಿಸುವುದು ನನ್ನ ಜವಾಬ್ದಾರಿಯಾಗಿತ್ತು. ನಾನು ಪರಿಚಯದ ಅಡುಗೆಯವರಿಗೆ ಹೇಳಿ ಮೊಸರನ್ನ ಕಟ್ಟಿಸಿದ್ದೆ, ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ. ಬಲೆಯಿಂದ ಆಗತಾನೇ ಮೀನು ಬಿಡಿಸಿ ಬಂದ ಜನರ ಕೈಗೆ ಮೊಸರನ್ನ! ಒಬ್ಬ ಮುದುಕ ಪೊಟ್ಟಣ ಬಿಚ್ಚಿ ನೋಡಿ, "ಇನ್ನಾಮಾ, ಯಾರಿಗೆ ಮೈ ಸರಿಯಿಲ್ಲ?" ಎಂದು ಕೇಳಿದ. ಇಡೀ ಭವನ ನಕ್ಕಿತು. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ.

ಬಾಸ್ ಇಂಗ್ಲಿಷಿನಲ್ಲಿ ಮಾತಾಡಿದರು, ನಾನು ತಮಿಳಿನಲ್ಲಿ ಹೇಳಿದೆ. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಹೊಗೆ ಕಾರಣ, ಈ ಕಾರ್ಖಾನೆ ಈಗ ಹೊಗೆ ಕಡಿಮೆ ಮಾಡುತ್ತದೆ, ನಿಮಗೇನಾದರೂ ಹೇಳುವುದಿದೆಯೇ? ಗಂಡಸರು ಕೆಲಸ ಕೊಡುತ್ತೀರಾ ಎಂದು ಕೇಳಿದರು. ನೋಡೋಣ ಎಂದೆವು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ನಲವತ್ತರ ಆಸುಪಾಸು, ಒಣಮೀನು ಮಾರುವವಳು. ಮೊಸರನ್ನದ ಪೊಟ್ಟಣವನ್ನು ಬಿಚ್ಚದೆ ಕೈಯಲ್ಲೇ ಹಿಡಿದಿದ್ದಳು.

"ಈ ಪೇಪರ್ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

"ಜರ್ಮನಿಗೆ," ಎಂದೆ. ದಸ್ತಾವೇಜುಗಳನ್ನು ನೋಡುವ ಕಚೇರಿ ಅಲ್ಲಿತ್ತು.

"ಅವರು ಓದ್ತಾರಾ?"

"ಓದ್ತಾರೆ."

"ಹಾಗಾದ್ರೆ ನಾನು ಹೇಳೋದು ಬರಿ. ಮೊದಲು ಬಂದು ನೋಡು, ಆಮೇಲೆ ಬರಿ."

ಅವಳ ಹಿಂದೆ ನಾನು ಹೊರಟೆ. ದಾರಿಯುದ್ದಕ್ಕೂ ಒಣಮೀನು ಹರಡಿತ್ತು. ನಾನು ಉಸಿರು ಬಿಗಿಹಿಡಿದು ನಡೆದೆ, ಅದನ್ನವಳು ಗಮನಿಸಿದಳು. ಅವಳದು ಎರಡು ಕೋಣೆಯ ಹೆಂಚಿನ ಮನೆ. ಮದುವೆಯಾಗಿ ಬಂದಾಗ ಅದರ ಮುಂದೆ ಮೂರು ಸಾಲು ಮನೆಗಳಿದ್ದವಂತೆ, ಈಗ ಒಂದೇ ಸಾಲು ಉಳಿದಿತ್ತು. ಅವಳು ಕೈ ತೋರಿಸಿದ ಕಡೆ ನೋಡಿದೆ. ಅಲೆಗಳ ನಡುವೆ ಸಿಮೆಂಟಿನ ಒಂದು ಉಂಗುರ ಕಾಣಿಸುತ್ತಿತ್ತು, ಅಲೆ ಬಂದಾಗ ಮುಳುಗಿ ಹೋದಾಗ ಏಳುತ್ತಿತ್ತು.

"ಅದು ನಮ್ಮ ಬಾವಿ. ಸಿಹಿನೀರಿನ ಬಾವಿ," ಎಂದಳು. "ಸುನಾಮಿ ಒಂದು ದಿನ ಬಂತು, ಹೋಯ್ತು. ಅದಕ್ಕೆ ಸರ್ಕಾರ ಪಟ್ಟಿ ಮಾಡ್ತು, ಕೊಡೋದು ಕೊಡ್ತು. ಇದು ದಿನಾ ಬರುತ್ತೆ, ಇದಕ್ಕೆ ಪಟ್ಟಿ ಇಲ್ಲ. ಮೂರು ಸಾಲು ಇತ್ತು ಅಂತ ಒಂದು ಕಾಗದದಲ್ಲೂ ಇಲ್ಲ. ನಾಳೆ ನನ್ನ ಮನೆ ಹೋದ್ರೆ, ಇಲ್ಲಿ ಮನೆ ಇತ್ತಾ ಅಂತ ಕೇಳ್ತಾರೆ. ನೀನು ದೊಡ್ಡ ಕಾಗದ ಬರಿಯೋಳು. ಅದರಲ್ಲಿ ಇದನ್ನು ಹಾಕು."

"ಕಂಡಿಪ್ಪಾ," ಎಂದೆ. ಖಂಡಿತ ಎಂದರ್ಥ. ಅವಳ ಮುಂದೆಯೇ ನೋಟುಬುಕ್ಕಿನಲ್ಲಿ ಬರೆದುಕೊಂಡೆ ಕೂಡ: ಮೂರು ಸಾಲು, ಬಾವಿ, ಪಟ್ಟಿಯಿಲ್ಲ. ಭಾಷಣದ ಕಪ್ಪು ಗೆದ್ದಿದ್ದ ಹುಡುಗಿಗೆ ಕೊನೆಗೂ ಕಣ್ಣಾರೆ ಏರಿದ ಸಮುದ್ರ ಸಿಕ್ಕಿತ್ತು. ನಾಚಿಕೆಯಾಗುತ್ತದೆ, ಆದರೆ ಹೇಳಿಬಿಡುತ್ತೇನೆ, ಕಾರಿನಲ್ಲಿ ವಾಪಸ್ಸು ಬರುವಾಗ ನನಗೆ ದುಃಖಕ್ಕಿಂತ ಉತ್ಸಾಹವೇ ಹೆಚ್ಚಾಗಿತ್ತು.

ಸೋಮವಾರ ಬಾಸ್ ನನ್ನ ಕರಡು ಓದಿ ಕನ್ನಡಕ ತೆಗೆದಿಟ್ಟರು. "ತಂಗೀ, ಈ ಬಾವಿ ಎಲ್ಲಿ ಐತಿ?"

"ಸಮುದ್ರದಲ್ಲಿ ಸಾರ್."

"ನಮ್ಮ ಬೌಂಡರಿ ಎಲ್ಲಿಗೆ ಮುಗೀತದ?"

ಪ್ರತಿ ದಸ್ತಾವೇಜಿನಲ್ಲೂ ಯೋಜನೆಯ ಸರಹದ್ದಿನ ಚಿತ್ರವೊಂದು ಇರಬೇಕು. ಚುಕ್ಕೆಗೆರೆಯ ಒಂದು ಚೌಕ, ಅದರೊಳಗೆ ಕುಲುಮೆ, ಬಾಯ್ಲರು, ಚಿಮಣಿ. ಚೌಕದ ಹೊರಗಿದ್ದದ್ದು ನಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಆ ಚೌಕವನ್ನು ನಾನೇ ಬರೆದಿದ್ದೆ, ಗೆರೆಗಳು ಬಹಳ ನೀಟಾಗಿ ಬಂದಿದ್ದವು.

"ಹೊರಗ ಐತಿ ಅಂದ್ರ ಹೊರಗ ಐತಿ," ಎಂದರು. "ಸಮುದ್ರದ ಚಿಂತಿ ಸಮುದ್ರಕ್ಕ ಬಿಡು. ಮತ್ತ ಆ ಕಡೆ ದಂಡಿ ಕೊರದದ್ದು ಬಂದರದ ಗೋಡಿಯಿಂದ, ನಿನ್ನ ಬಿಸಿಯಿಂದ ಅಲ್ಲ. ಬಂದರ ಕಟ್ಟಿದಾಗಿಂದ ಮರಳು ಆ ಕಡೆ ಹೋಗೂದ ನಿಂತೈತಿ. ಹೌದಿಲ್ಲೋ?"

ಹೌದು. ಅದೇ ಕಷ್ಟ. ಅವರು ಹೇಳಿದ್ದರಲ್ಲಿ ಸತ್ಯವಿತ್ತು. ಆ ತೀರವನ್ನು ಸಮುದ್ರ ತಿನ್ನುತ್ತಿದ್ದದ್ದರಲ್ಲಿ ಬಂದರದ ಪಾಲು ದೊಡ್ಡದು. ಏರುವ ಸಮುದ್ರ ಅದರ ಜೊತೆ ಕೈ ಸೇರಿಸುತ್ತದೆ, ಯಾರ ಪಾಲು ಎಷ್ಟೆಂದು ಗೆರೆ ಹಾಕಿ ಹೇಳುವವರು ಇರಲಿಲ್ಲ. ಆದರೆ ಅವಳು ನನ್ನನ್ನು ಕಾರಣ ಕೇಳಿರಲಿಲ್ಲ. ಮೂರು ಸಾಲು ಇತ್ತೆಂದು ಬರೆ ಎಂದಿದ್ದಳು, ಅಷ್ಟೇ. ಈ ಮಾತು ಬಾಸ್‌ಗೆ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು "ಆಮಾ ಸಾರ್", ಹೌದು ಸಾರ್, ಇಷ್ಟು ಮಾತ್ರ.

ಗಿರಾಕಿ ಅವಸರಪಡಿಸುತ್ತಿದ್ದ. ಜನರ ಅಭಿಪ್ರಾಯದ ಅಧ್ಯಾಯ ಬೇಗ ಮುಗಿಸಬೇಕಿತ್ತು. ನಮ್ಮ ಕಸುಬಿನಲ್ಲಿ ಒಂದು ರೂಢಿಯಿತ್ತು: ಹೊಸ ದಸ್ತಾವೇಜನ್ನು ಸೊನ್ನೆಯಿಂದ ಯಾರೂ ಬರೆಯುವುದಿಲ್ಲ, ಹಳೆಯದನ್ನು ತೆರೆದು ಹೊಸ ಹೆಸರಿನಲ್ಲಿ ಉಳಿಸಿ, ಊರು ಮತ್ತು ಕಾರ್ಖಾನೆ ಬದಲಿಸುವುದು. ನಾನು ಸಕ್ಕರೆ ಕಾರ್ಖಾನೆಯ ಅಧ್ಯಾಯವನ್ನು ತೆರೆದೆ. ಎಷ್ಟೆಂದರೂ ಒಳ್ಳೆಯ ಅಧ್ಯಾಯ, ನಾನೇ ಬರೆದದ್ದು. ಊರಿನ ಹೆಸರು ಬದಲಿಸಿದೆ. ರೈತರು ಎಂದಿದ್ದಲ್ಲೆಲ್ಲ ಮೀನುಗಾರರು ಎಂದು ಮಾಡಿದೆ. ಕೊನೆಯಲ್ಲಿ ಎಲ್ಲರೂ ಸಂತೋಷ ವ್ಯಕ್ತಪಡಿಸಿದರು ಎಂಬ ಸಾಲು ಮೊದಲೇ ಇತ್ತು, ಅದನ್ನು ಹಾಗೆಯೇ ಬಿಟ್ಟೆ. ಸ್ವೆಟರಿನ ತೋಳು ಕೆಳಗೆಳೆದುಕೊಂಡು ಕಳಿಸುವ ಗುಂಡಿ ಒತ್ತಿದೆ.

ದಸ್ತಾವೇಜು ಒಂದು ತಿಂಗಳ ಕಾಲ ಅಂತರ್ಜಾಲದಲ್ಲಿ ಜಗತ್ತಿನ ಮುಂದೆ ತೆರೆದಿತ್ತು. ಭೂಮಂಡಲದ ಯಾರು ಬೇಕಾದರೂ ಓದಿ ಆಕ್ಷೇಪಣೆ ಕಳಿಸಬಹುದಿತ್ತು. ಒಂದೂ ಬರಲಿಲ್ಲ. ಬಾಸ್ ಖುಷಿಯಿಂದ ಜಿಲೇಬಿ ತರಿಸಿದರು.

ಕೆಲವು ತಿಂಗಳ ಮೇಲೆ ಪರಿಶೀಲಕ ಬಂದ. ಇಂಥ ಯೋಜನೆಗಳನ್ನು ಹೊರಗಿನವರೊಬ್ಬರು ಬಂದು ತಪಾಸಣೆ ಮಾಡಬೇಕೆಂದು ನಿಯಮ. ಉತ್ತರದ ಕಡೆಯ ಯುವಕ, ಸಭ್ಯ, ತಮಿಳಿನ ಗಂಧಗಾಳಿಯಿಲ್ಲ. ಕಾರ್ಖಾನೆ ನೋಡಿದ ಮೇಲೆ, ಸಭೆಗೆ ಬಂದಿದ್ದ ಇಬ್ಬರು ಮೂವರನ್ನು ಮಾತಾಡಿಸಬೇಕು ಎಂದ. ಪಾಲಿಶ್ ಮಾಡಿದ ಬೂಟಿನಲ್ಲಿ ಮರಳು ತುಂಬಿಸಿಕೊಳ್ಳುತ್ತಾ ಕುಪ್ಪಕ್ಕೆ ಬಂದ. ಒಣಮೀನಿನ ಅಮ್ಮ ಮೀನು ತಿರುವಿ ಹಾಕುತ್ತಿದ್ದವಳು ನನ್ನನ್ನು ನೋಡಿ ಎದ್ದು ಬಂದಳು. ಅವಳ ಮುಖ ಅರಳಿದ್ದನ್ನು ನಾನು ಇಂದಿಗೂ ಮರೆತಿಲ್ಲ.

"ಬರೆದ್ಯಾ?" ಎಂದು ಕೇಳಿದಳು.

ಪರಿಶೀಲಕ ದಸ್ತಾವೇಜಿನ ಆ ಪುಟ ತೆಗೆದು ನನ್ನ ಕೈಗೆ ಕೊಟ್ಟು, "ಇದನ್ನು ಇವರಿಗೆ ಓದಿ ಹೇಳಿ, ಸರಿಯಿದೆಯೇ ಕೇಳಿ," ಎಂದ.

ಆ ಪುಟವನ್ನು ಕಳಿಸಿದ ಮೇಲೆ ನಾನು ಕಣ್ಣೆತ್ತಿ ನೋಡಿರಲಿಲ್ಲ. ಈಗ ನೋಡಿದೆ. ತಿರುವೊಟ್ಟಿಯೂರಿನ ಮೀನುಗಾರರು, ಬಾಯ್ಲರಿನ ಬೂದಿಯಿಂದ ತಮ್ಮ ಕಬ್ಬಿನ ಬೆಳೆ ಹಾಳಾಗಬಹುದೇ ಎಂದು ಕಳವಳ ವ್ಯಕ್ತಪಡಿಸಿದ್ದರು. ಕಬ್ಬು ಸಾಗಿಸುವ ರಸ್ತೆಯ ದುರಸ್ತಿಗೆ ವಿನಂತಿಸಿದ್ದರು. ಎಲ್ಲರೂ ಸಂತೋಷ ವ್ಯಕ್ತಪಡಿಸಿದ್ದರು. ಬಾಸ್ ಓದಿದ್ದರು, ಗಿರಾಕಿ ಓದಿದ್ದ, ಈ ಪರಿಶೀಲಕ ಓದಿ ಅಂಚಿನಲ್ಲಿ ಸರಿ ಗುರುತು ಹಾಕಿದ್ದ. ಭೂಮಂಡಲ ಒಂದು ತಿಂಗಳು ಓದಿತ್ತು.

ಒಂದು ಕಡೆ ಅವಳು, ಇನ್ನೊಂದು ಕಡೆ ಅವನು. ನಾನು ಪುಟದ ಮೇಲೆ ಬೆರಳಿಟ್ಟು, ಸಾಲಿನಿಂದ ಸಾಲಿಗೆ ಬೆರಳು ಸರಿಸುತ್ತಾ, ಅಲ್ಲಿಲ್ಲದ್ದನ್ನು ತಮಿಳಿನಲ್ಲಿ ಓದಿದೆ. ಈ ಅಮ್ಮ ಮದುವೆಯಾಗಿ ಬಂದಾಗ ಮುಂದೆ ಮೂರು ಸಾಲು ಮನೆಗಳಿದ್ದವು, ಈಗ ಒಂದಿದೆ. ಸಿಹಿನೀರಿನ ಬಾವಿ ಸಮುದ್ರದಲ್ಲಿದೆ. ಸುನಾಮಿಗೆ ಪಟ್ಟಿಯಿದೆ, ಇದಕ್ಕಿಲ್ಲ. ಅಷ್ಟು ಚೆನ್ನಾಗಿ ನಾನು ಭಾಷಣ ಸ್ಪರ್ಧೆಯಲ್ಲೂ ಮಾತಾಡಿರಲಿಲ್ಲ. ಅವಳು ಒಂದೊಂದು ಮಾತಿಗೂ ತಲೆಯಾಡಿಸಿದಳು. ಬಾವಿಯ ಮಾತು ಬಂದಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅವರಿಗೆ ಸಮಾಧಾನವೇ?" ಎಂದು ಪರಿಶೀಲಕ ಇಂಗ್ಲಿಷಿನಲ್ಲಿ ಕೇಳಿದ.

"ಬಹಳ ಸಮಾಧಾನ," ಎಂದೆ. ಅದು ಮಾತ್ರ ಸುಳ್ಳಾಗಿರಲಿಲ್ಲ.

ಅವನು ಇನ್ನೊಂದು ಸರಿ ಗುರುತು ಹಾಕಿದ. ಅವಳು ನನ್ನ ಮೊಣಕೈ ಹಿಡಿದು, ಆ ಕಾಗದ ನನಗೆ ಬೇಕು, ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳುತ್ತೇನೆ ಎಂದಳು. ಏನು ಹೇಳಿದಳು ಎಂದು ಅವನು ಕೇಳಿದ, ನಾನು ಹೇಳಿದೆ. ಖಂಡಿತ ಕೊಡಿ, ಜನರಿಗೆ ಮಾಹಿತಿ ಕೊಡುವುದು ಒಳ್ಳೆಯ ಪದ್ಧತಿ ಎಂದು ಅವನೇ ಮುಂದಾಗಿ ಪುಟ ಕೊಟ್ಟ. ಕಸಿದುಕೊಳ್ಳಲು ನನಗೆ ಕಾರಣ ಸಿಗಲಿಲ್ಲ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರಲ್ಲ, ಮೀನು ಮುಟ್ಟದ ಮನೆಯಲ್ಲಿ ಹುಟ್ಟಿದ ನಾನು ಅವತ್ತು ಹಾಕಿದ್ದು ಅಂಥ ಗಾಳವೇ.

ಆಫೀಸಿಗೆ ಓಡಿಬಂದು ಅಂತಿಮ ಪ್ರತಿಯಲ್ಲಿ ಕಬ್ಬನ್ನು ಕಿತ್ತುಹಾಕಿದೆ. ಅದರ ಜಾಗದಲ್ಲಿ ಶಬ್ದ ಮಾಲಿನ್ಯದ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ ಹಾಕಿದೆ. ಬಾವಿಯನ್ನು ಸೇರಿಸಲು ಅವತ್ತೂ ಒಂದು ಅವಕಾಶವಿತ್ತು, ಬೇಕಿದ್ದದ್ದು ಎರಡು ಸಾಲಿನ ಜಾಗ. ಸೇರಿಸಿದರೆ ಬಾಸ್ ಮತ್ತೆ ಆ ಪುಟ ನೋಡುತ್ತಾರೆ, ನೋಡಿದರೆ ಕಬ್ಬಿನ ಕತೆ ಹೊರಗೆ ಬರುತ್ತದೆ ಎಂದು ಹೆದರಿದೆ. ಹೀಗೆ ನನ್ನ ಮರ್ಯಾದೆ ಉಳಿಯಿತು, ಅವಳ ಬಾವಿ ಉಳಿಯಲಿಲ್ಲ. ಯೋಜನೆಗೆ ಒಪ್ಪಿಗೆ ಸಿಕ್ಕಿತು.

ಮೂರು ವರ್ಷ ಕಳೆಯಿತು. ಗಾಳಿ ವ್ಯಾಪಾರ ಕುದುರಿತ್ತು. ಆಫೀಸು ಶೋಳಿಂಗನಲ್ಲೂರಿನ ಗಾಜಿನ ಕಟ್ಟಡಕ್ಕೆ ಹೋಯಿತು. ಬಿಸಿಲಿನ ಊರಿನಲ್ಲಿ ಗಾಜಿನ ಕಟ್ಟಡ ಕಟ್ಟಿ, ಅದು ಕಾಯುತ್ತದೆಂದು ಮತ್ತಷ್ಟು ಏಸಿ ಹಾಕಿದ್ದರು. ನನಗೆ ಬಡ್ತಿ ಸಿಕ್ಕಿತ್ತು, ಆಫೀಸಿನ ಕ್ಯಾಬು ಸಿಕ್ಕಿತ್ತು, ಸ್ವೆಟರಿನ ಜೊತೆಗೆ ಒಂದು ಶಾಲೂ ಸೇರಿತ್ತು. ಕೋಪನ್‌ಹೇಗನ್ನಿನಲ್ಲಿ ದೇಶಗಳು ಮತ್ತೆ ಸೇರಲಿವೆ, ಈ ಸಲ ದೊಡ್ಡ ಒಪ್ಪಂದ ಆಗಿಯೇ ಆಗುತ್ತದೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ವರ್ಷ. ತಿರುವೊಟ್ಟಿಯೂರಿನ ಕಾರ್ಖಾನೆ ಎಷ್ಟು ಹೊಗೆ ಉಳಿಸಿದೆ ಎಂದು ವರದಿ ಮಾಡಬೇಕಿತ್ತು, ಜೊತೆಗೆ ಸುತ್ತಲಿನ ಜನರ ಅಭಿವೃದ್ಧಿಯ ಕೆಲವು ಫೋಟೋಗಳೂ ಬೇಕಿದ್ದವು. ಬೇರೆ ಯಾರನ್ನಾದರೂ ಕಳಿಸಿ ಎಂದು ನಾನು ನೆಪ ಹುಡುಕಿದೆ, ಹಲ್ಲುನೋವು ಎಂದೂ ಹೇಳಿದೆ. ಬಾಸ್ ಕೇಳಲಿಲ್ಲ. "ಅಲ್ಲಿ ಮಂದಿ ನಿನಗ ಗುರ್ತ ಅದಾರ, ನೀನ ಹೋಗು."

ಸಮುದ್ರದ ಅಂಚಿಗೆ ಈಗ ಕರಿಬಂಡೆಗಳನ್ನು ಸುರಿದಿದ್ದರು. ಅವಳ ಮುಂದಿನ ಸಾಲು ಇರಲಿಲ್ಲ. ಅವಳ ಮನೆಯ ಮುಂದಿನ ಕೋಣೆಯೂ ಇರಲಿಲ್ಲ. ಹಿಂದಿನ ಕೋಣೆಗೆ ತಗಡು ಹೊದಿಸಿ ಅವಳು ಮತ್ತು ಅವಳ ಮಗಳು ಬದುಕುತ್ತಿದ್ದರು. ಮೊದಲ ಸಲ ನೋಡಿದಾಗ ಶಾಲೆಯ ಸಮವಸ್ತ್ರದಲ್ಲಿದ್ದ ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಳು.

ಅವಳು ನನ್ನನ್ನು ಗುರುತಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಕೇಳುವ ಮೊದಲೇ ಏನೇನೋ ಹೇಳತೊಡಗಿದೆ: ಕೆಲಸ ಜಾಸ್ತಿ, ಬರಲಾಗಲಿಲ್ಲ, ಆರೋಗ್ಯವೇ? ಅವಳು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದಳು. ರೇಷನ್ ಕಾರ್ಡು, ಅದರ ಹಿಂದೆ ನನ್ನ ಪುಟ, ನಾಲ್ಕಾಗಿ ಮಡಚಿದ್ದು.

"ಇದನ್ನು ತಗೊಂಡು ಪರಿಹಾರ ಕೊಡೋ ಆಫೀಸರ್ ಹತ್ರ ಹೋದೆ," ಎಂದಳು. "ಮುಂದಿನ ಕೋಣೆ ಸಮುದ್ರಕ್ಕೆ ಬಿತ್ತಲ್ಲ, ಆ ವಾರ. ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ನನ್ನ ಹತ್ರ ಕಾಗದ ಇದೆ, ಜರ್ಮನಿಗೆ ಹೋದ ಕಾಗದ, ಎಲ್ಲ ಬರೆದಿದೆ, ಓದಿ ಅಂದೆ. ಆತ ಓದ್ದ. ಪಕ್ಕದಲ್ಲಿರೋರಿಗೂ ಓದಿ ಹೇಳ್ದ. ಎಲ್ಲರೂ ನಕ್ಕರು. ಕಬ್ಬು ಬೆಳೆಯೋರಿಗೆ ಇದು ಆಫೀಸ್ ಅಲ್ಲ, ಕೃಷಿ ಇಲಾಖೆಗೆ ಹೋಗಮ್ಮ ಅಂದ."

ನಾನು ಬಂಡೆಗಳನ್ನು ನೋಡುತ್ತಿದ್ದೆ.

"ನಾನು ಜಗಳ ಆಡ್ದೆ. ನೀವು ತಪ್ಪು ಓದ್ತಿದ್ದೀರಿ, ನನ್ನ ಮುಂದೇನೇ ಒಬ್ಬಳು ಓದಿದ್ಳು, ಬಾವಿ ಇದೆ ನೋಡಿ ಅಂದೆ. ಮನೆಗೆ ಬಂದು ಮಗಳ ಕೈಲಿ ಓದಿಸ್ದೆ. ಇವಳು ಓದಿ ಅತ್ತಳು." ಅವಳ ದನಿ ಏರಲಿಲ್ಲ. "ನನಗೆ ಓದಕ್ಕೆ ಬರಲ್ಲ ಅಂತ ತಾನೇ?"

ಹೌದು, ಅದಕ್ಕೇ. ಬೇರೆ ಎಷ್ಟೇ ಕಾರಣ ಹೇಳಿದರೂ ಕೊನೆಗೆ ಉಳಿಯುವುದು ಅದೇ. ಓದಬಲ್ಲವರೆಲ್ಲ ಓದದೆ ಸರಿ ಗುರುತು ಹಾಕಿದ್ದರು. ಓದಲು ಬರದ ಅವಳೊಬ್ಬಳೇ ಆ ಕಾಗದವನ್ನು ನಂಬಿ, ಮೂರು ವರ್ಷ ಜೋಪಾನವಾಗಿ ಇಟ್ಟು, ಅದನ್ನು ಹಿಡಿದು ಹತ್ತು ಜನರ ಮುಂದೆ ನಿಂತಿದ್ದಳು. ನನ್ನನ್ನು ನಾನು ಗೇಲಿ ಮಾಡಿಕೊಂಡು ತಪ್ಪಿಸಿಕೊಳ್ಳುವ ಅಭ್ಯಾಸ ನನಗಿದೆ. ಅವತ್ತು ಒಂದು ಹಾಸ್ಯವೂ ಹೊಳೆಯಲಿಲ್ಲ. ತಪ್ಪಾಯಿತು ಎಂದೆ. ಅದು ಸಾಲದೆಂದು ನನಗೂ ಗೊತ್ತಿತ್ತು.

"ಈಗ ಬರೀತೀನಿ," ಎಂದು ಚೀಲದಿಂದ ನೋಟುಬುಕ್ ತೆಗೆದೆ. "ಇಲ್ಲೇ ಕೂತು, ನೀವು ಹೇಳಿದ ಹಾಗೇ ಬರೀತೀನಿ."

"ನೀನು ಬರೀಬೇಡ," ಎಂದಳು.

ಮಗಳು ಕಾಲೇಜಿನ ನೋಟಿನಿಂದ ಉದ್ದದ ಹಾಳೆ ಹರಿದು ಬಂಡೆಯ ಮೇಲೆ ಕುಳಿತಳು. ತಾಯಿ ಹೇಳಿದಳು, ಮಗಳು ತಮಿಳಿನಲ್ಲಿ ಬರೆದಳು. ಮೊದಲ ಸಾಲಿನಲ್ಲಿ ಯಾರ್ಯಾರ ಮನೆ: ನೀಲಿ ಬಾಗಿಲಿನವರದು, ಬಲೆ ಹೆಣೆಯುವ ಮುದುಕನದು, ಅವಳಿ ಹುಡುಗಿಯರಿದ್ದ ಮನೆ. ಎರಡನೇ ಸಾಲಿನಲ್ಲಿ ಯಾರ್ಯಾರು, ಮೂರನೆಯದರಲ್ಲಿ ಯಾರ್ಯಾರು. ಬಾವಿಯ ಹತ್ತಿರ ಪೂವರಸು ಮರ ಒಂದಿತ್ತು, ಅದನ್ನೂ ಹಾಕು. ಒಂದೊಂದು ಮನೆಯನ್ನೂ ಅದು ಇದ್ದ ಕಡೆಗೆ ಕೈ ತೋರಿಸಿ ಹೇಳುತ್ತಿದ್ದಳು, ಕೈ ತೋರಿಸಿದ ಕಡೆಯೆಲ್ಲ ನೀರಿತ್ತು. ಆ ಅಧ್ಯಾಯದಲ್ಲಿ ಯಾರೂ ಸಂತೋಷ ವ್ಯಕ್ತಪಡಿಸಲಿಲ್ಲ.

ಬರೆದು ಮುಗಿದ ಮೇಲೆ ಅವಳು ಹಾಳೆಯನ್ನು ನನ್ನ ಮುಂದೆ ಇಟ್ಟಳು. "ಸಾಕ್ಷಿ ಯಾರು ಅಂತ ಕೇಳ್ತಾರೆ ಆಫೀಸಲ್ಲಿ. ನೀನು ಬಂದಾಗ ಮುಂದೆ ಒಂದು ಸಾಲು ಇತ್ತು. ಬಾವಿ ನೋಡಿದ್ದೀಯ. ಇತ್ತಾ ಇಲ್ವಾ?"

"ಇತ್ತು."

"ಹಾಗಾದ್ರೆ ಅದನ್ನ ಬರೆದು ಸೈನ್ ಹಾಕು. ಆಫೀಸ್ ವಿಳಾಸ ಬೇಡ, ಮನೇದು ಹಾಕು."

ಬಾಸ್‌ಗೆ ತಿಳಿದರೆ ಕೆಲಸ ಹೋಗುತ್ತದೆ ಎಂಬ ಯೋಚನೆ ಬಂತು, ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅಷ್ಟು ವರ್ಷಗಳಲ್ಲಿ ನಾನು ಬರೆದ ಯಾವ ದಸ್ತಾವೇಜಿನಲ್ಲೂ ನನ್ನ ಹೆಸರು ಇರುತ್ತಿರಲಿಲ್ಲ, ಕಂಪೆನಿಯ ಹೆಸರಷ್ಟೇ. ನಾನು ಪೆನ್ನು ಹಿಡಿದು, ಸೊಟ್ಟಸೊಟ್ಟ ತಮಿಳು ಅಕ್ಷರಗಳಲ್ಲಿ, ಒಂದೊಂದನ್ನೂ ನೆನಪಿಸಿಕೊಳ್ಳುತ್ತಾ ಬರೆದೆ: ಒಂದು ಸಾಲು ಮನೆ ನೋಡಿದ್ದೇನೆ, ಬಾವಿ ನೋಡಿದ್ದೇನೆ. ಕೆಳಗೆ ಹೆಸರು, ತಿರುವಲ್ಲಿಕ್ಕೇಣಿಯ ಮನೆಯ ವಿಳಾಸ, ಸಹಿ.

ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಗಳಿಗೆ ಕೊಟ್ಟಳು. "ಇವಳು ಏನು ಬರೆದಿದ್ದಾಳೆ, ಓದು," ಎಂದಳು.

ಮಗಳು ಗಟ್ಟಿಯಾಗಿ ಓದಿದಳು. ತಾಯಿ ನನ್ನ ಮುಖ ನೋಡುತ್ತಾ ಕೇಳಿಸಿಕೊಂಡಳು. ಮುಗಿದ ಮೇಲೆ, ಇನ್ನೊಂದು ಸಲ ಓದು ಎಂದಳು.